ಆಘಾತದ ನಂತರ ಮತ್ತೆ ಪಿಟೀಲು ಹಿಡಿದ ಬಗೆ

ಪಿಟೀಲಿನ ಪೆಟ್ಟಿಗೆ ತೆರೆದೊಡನೆ ಎದೆ ಡವಡವ ಎನ್ನುತ್ತಿದ್ದರೆ ನುಡಿಸುವ ಮಾತು ಆಮೇಲೆ. ಮೊದಲ ವಾರಕ್ಕೆ ನಾನಿಟ್ಟುಕೊಂಡ ಕೆಲಸ ಇಷ್ಟೇ: ತೆರೆಯುವುದು, ಶ್ರುತಿ ಮಾಡುವುದು, ತಂತಿ ಒರೆಸಿ ಮುಚ್ಚುವುದು. ದಿನಕ್ಕೆ 5 ನಿಮಿಷ, ಟೈಮರ್ ಇಟ್ಟು. ಟೈಮರ್ ಬೇಕೇ ಬೇಕು. ಭಯ ಏರಿದ ಗಳಿಗೆಯಲ್ಲಿ ನಿಲ್ಲಿಸಿದರೆ ಓಡಿದ್ದಕ್ಕೇ ಬದುಕಿಕೊಂಡೆ ಎಂದು ಮೈ ನಂಬಿಬಿಡುತ್ತದೆ. ಗಂಟೆ ಬಾರಿಸಿದಾಗ ನಿಲ್ಲಿಸಿದರೆ ಹಾಗಾಗುವುದಿಲ್ಲ.

ಭಯಕ್ಕೆ 10ರಲ್ಲಿ ಅಂಕ ಕೊಟ್ಟು ದಿನವೂ ಬರೆದಿಡಿ. 3-4ರಲ್ಲಿದ್ದರೆ ಅಭ್ಯಾಸ ಮೈಗೆ ಹತ್ತುತ್ತದೆ. 7 ದಾಟಿದರೆ ಬಿಟ್ಟೇಳಬೇಡಿ, ಒಂದು ಮೆಟ್ಟಿಲು ಇಳಿಯಿರಿ: ರಚನೆಯ ಬದಲು ಬರೀ ಸ್ವರ, ಸ್ವರದ ಬದಲು ಬೆರಳಿಡದ ತಂತಿ. ಆಘಾತದ ಹೊತ್ತಿಗೆ ನುಡಿಸುತ್ತಿದ್ದ ರಚನೆಯನ್ನು ಸದ್ಯಕ್ಕೆ ಮುಟ್ಟಬೇಡಿ. ನುಡಿಸುವಾಗ ಆ ಘಟನೆಯೇ ಕಣ್ಣೆದುರು ಮರುಕಳಿಸುತ್ತಿದ್ದರೆ ಮನೋಚಿಕಿತ್ಸಕರ ನೆರವಿಲ್ಲದೆ ಮುಂದುವರಿಯುವುದು ತಪ್ಪು.

ಇನ್ನು ಕಮಾನಿನ ನಡುಕ. ಭಯವಾದಾಗ ಮೈಯಲ್ಲಿ ಒಸರುವ ಅಡ್ರಿನಲಿನ್ ಹಾರ್ಮೋನ್ ಏರಿದಾಗ ಕೈ ಸ್ವಲ್ಪ ನಡುಗುವುದು ಸಹಜ. ಅದನ್ನು ದೊಡ್ಡದು ಮಾಡುವುದು ನಮ್ಮ ಹಿಡಿತ. ಹೆಬ್ಬೆರಳು ನೆಟ್ಟಗಾಗಿ ಕಮಾನಿನ ಕಡ್ಡಿಯನ್ನು ಒತ್ತುತ್ತದೆ, ಮಣಿಕಟ್ಟು ಬಿಗಿಯುತ್ತದೆ, ಭುಜ ಮೇಲೇರುತ್ತದೆ. ಸದ್ದು ಕೆಟ್ಟೀತೆಂದು ತೋಳಿನ ಭಾರವನ್ನು ಹಿಂದೆಳೆದುಕೊಂಡಿರಾ, ಕಮಾನು ತಂತಿಯ ಮೇಲೆ ಪುಟಿಯತೊಡಗುತ್ತದೆ. ಹೆಬ್ಬೆರಳ ಗೆಣ್ಣು ಹೊರಕ್ಕೆ ಬಾಗಿರಲಿ. ಕಮಾನನ್ನು ನಡುವಿಗಿಂತ ತುಸು ಬುಡದ (ಕೈ ಹಿಡಿಯುವ ತುದಿಯ) ಕಡೆ ತಂತಿಯ ಮೇಲಿಟ್ಟು, ತೋಳಿನ ಭಾರ ಪೂರ್ತಿ ಇಳಿದ ಮೇಲಷ್ಟೇ ಎಳೆಯಿರಿ. ತಾಳ ಬಡಿಯುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕಿಟ್ಟು 4 ಬಡಿತಕ್ಕೊಂದು ಎಳೆತ ಸಾಕು. ನಡುಗುವ ಕೈಗೆ ಮೆಲುದನಿಯ ನಿಧಾನ ಎಳೆತದಷ್ಟು ಕಷ್ಟದ್ದು ಇನ್ನೊಂದಿಲ್ಲ, ಕಾರ್ಯಕ್ರಮವನ್ನು ಅದರಿಂದ ಶುರು ಮಾಡಲೇಬೇಡಿ. 4 ಬಡಿತದ ಈ ಎಳೆತ ಹಿಡಿತಕ್ಕೆ ಬಂದ ಮೇಲೆ ಮನೆಯ ಮೆಟ್ಟಿಲು ಹತ್ತಿಳಿದು, ಎದೆಬಡಿತ ಇಳಿಯುವ ಮೊದಲೇ ಅದನ್ನೇ ನುಡಿಸಿ. ಓಡುವ ಎದೆಯೊಂದಿಗೆ ನುಡಿಸುವುದೂ ಕೈಗೆ ರೂಢಿಯಾಗಬೇಕು.

ಮೊದಲ ಕೇಳುಗ ಮೊಬೈಲಿನ ಮೈಕ್. 1953ರಲ್ಲಿ ವೇದಿಕೆ ಬಿಟ್ಟ ಪಿಯಾನೊ ವಾದಕ ವ್ಲಾದಿಮಿರ್ ಹೊರೊವಿಟ್ಜ್ 1965ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ ಸಭಾಂಗಣಕ್ಕೆ ಮರಳುವ ಮುನ್ನ ಮನೆಯಲ್ಲೇ ರೆಕಾರ್ಡಿಂಗ್ ಮಾಡಿದ್ದರು. ಕೆಂಪು ಗುಂಡಿ ಒತ್ತಿದರೆ ಸಾಕು, ಉಸಿರು ಬದಲಾಗುವುದು ಗೊತ್ತಾಗುತ್ತದೆ. ಆಮೇಲೆ ಪಕ್ಕದ ಕೋಣೆಯಲ್ಲೊಬ್ಬರು, ಎದುರಿಗೊಬ್ಬರು, ಮೂವರು. ಭಯದ ಅಂಕ ಎರಡು ಸಲ ಸತತವಾಗಿ 4ರೊಳಗೆ ಬಂದರೆ ಮುಂದಿನ ಮೆಟ್ಟಿಲು.

ಮರೆತುಹೋಗುವ ಭಯಕ್ಕೆ ಒಂದೇ ಮದ್ದು: ಪ್ರತಿ ರಚನೆಯಲ್ಲೂ 4-5 ತಂಗುದಾಣ ಗುರುತಿಸಿ, ಯಾವುದರಿಂದ ಬೇಕಾದರೂ ಶುರು ಮಾಡಲು ಬರುವಂತೆ ಕಲಿಯಿರಿ. ಮೊದಲಿನಿಂದಷ್ಟೇ ಬರುವ ರಚನೆ ಎಡವಿದಲ್ಲೇ ಮುಗಿಯುತ್ತದೆ. ವೇದಿಕೆ ಹತ್ತುವ ಮುನ್ನ 4 ಎಣಿಸಿ ಉಸಿರೆಳೆದು 6 ಎಣಿಸಿ ಬಿಡಿ. ಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ತಗ್ಗುತ್ತದೆ. ಎದೆಬಡಿತ ತಗ್ಗಿಸುವ ಪ್ರೊಪ್ರಾನೊಲಾಲ್ ಎಂಬ ಔಷಧಿ ನಡುಕ ಇಳಿಸುವುದು ನಿಜ. ಆದರೆ ಅಸ್ತಮಾ ಇದ್ದವರಿಗೆ ಅದು ಅಪಾಯ, ವೈದ್ಯರು ಬರೆದುಕೊಡದೆ ಮುಟ್ಟಬಾರದು.

ಕಾರ್ಯಕ್ರಮದ ರೆಕಾರ್ಡಿಂಗನ್ನು ಅಂದೇ ಕೇಳಬೇಡಿ. ಎರಡು ದಿನ ಬಿಟ್ಟು ಕೇಳಿ. ಕಮಾನು ನಡುಗಿತು ಎಂದು ನೀವು ಎಣಿಸಿಟ್ಟ ಜಾಗಗಳಲ್ಲಿ ಹೆಚ್ಚಿನವು ಅದರಲ್ಲಿ ಕೇಳಿಸುವುದೇ ಇಲ್ಲ.