ವೃದ್ಧಾಶ್ರಮದಲ್ಲಿ ಒಗ್ಗರಣೆ ಮಂಡಕ್ಕಿ: ಅವರು ಹೇಳಲಿ, ನಾವು ಕೇಳೋಣ

ವೃದ್ಧಾಶ್ರಮಕ್ಕೆ ತಿಂಡಿ ತಂದು ಹಂಚುವವರು ಬೇಕಾದಷ್ಟು ಜನ ಇದ್ದಾರೆ. ಯಾರದ್ದೋ ಹುಟ್ಟುಹಬ್ಬ, ಯಾರದ್ದೋ ಪುಣ್ಯತಿಥಿ. ಲಾಡು, ಬಾಳೆಹಣ್ಣು ಬರುತ್ತವೆ, ಫೋಟೋ ಆಗುತ್ತದೆ, ಹೋಗುತ್ತಾರೆ. ಬೇಡ ಅನ್ನುವುದಿಲ್ಲ. ಆದರೆ ಇಡೀ ಸಂಸಾರಕ್ಕೆ ಬಡಿಸಿದ ಕೈಗಳು ಇಲ್ಲಿ ಬರೀ ತಟ್ಟೆ ಹಿಡಿಯುತ್ತವೆ. ನಾನು ದಾವಣಗೆರೆಯ ಒಂದು ಆಶ್ರಮದಲ್ಲಿ ಹಿರಿಯರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಶನಿವಾರ ಮಧ್ಯಾಹ್ನ ನಾವೆಲ್ಲ ಸೇರಿ ತಿಂಡಿ ಮಾಡುತ್ತೇವೆ. ಹೇಗೆ ಅಂತ ಕೇಳುವವರಿಗೆ ಇದು.

ಮೊದಲ ಸಲ ಮಾಡುವವರು ಒಗ್ಗರಣೆ ಮಂಡಕ್ಕಿಯಿಂದ ಶುರು ಮಾಡಿ. ದಾವಣಗೆರೆ ಅಂದರೆ ಹೊರಗಿನವರಿಗೆ ಬೆಣ್ಣೆ ದೋಸೆ. ಊರಿನವರಿಗೆ ಸಂಜೆಯಾದರೆ ಮಂಡಕ್ಕಿ, ಮಿರ್ಚಿ. ಒಣ ಖಾರ ಮಂಡಕ್ಕಿ ಹಲ್ಲಿಲ್ಲದವರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಗ್ಗರಣೆ ಮಂಡಕ್ಕಿ ನೆನೆಸಿ ಹಿಂಡಿ ಮಾಡುವುದರಿಂದ ಮೆತ್ತಗಿರುತ್ತದೆ. ಮಂಡಕ್ಕಿಗೆ ಭಟ್ಟಿಯಲ್ಲೇ ಉಪ್ಪು ಬಿದ್ದಿರುತ್ತದೆ. ನೆನೆಸಿದಾಗ ಒಂದಿಷ್ಟು ಉಪ್ಪು ನೀರಿಗೆ ಹೋಗುತ್ತದೆ, ಬಿಪಿ ಇರುವವರಿಗೆ ಅದೂ ಒಳ್ಳೆಯದೇ.

ಹತ್ತು ಜನಕ್ಕೆ 400 ಗ್ರಾಂ ಮಂಡಕ್ಕಿ ಸಾಕು. ಮೂರು ಈರುಳ್ಳಿ, ಎರಡು ಟೊಮೆಟೊ, ಮೂರು ಹಸಿಮೆಣಸಿನಕಾಯಿ, ಒಂದು ಕಪ್ ಪುಟಾಣಿ, ಅರ್ಧ ಕಪ್ ಶೇಂಗಾ, ಒಂದು ನಿಂಬೆಹಣ್ಣು, ನಾಲ್ಕು ಚಮಚ ಎಣ್ಣೆ. ಸಾಸಿವೆ, ಜೀರಿಗೆ, ಕರಿಬೇವು, ಅರಿಶಿನ, ಕೊತ್ತಂಬರಿ ಹೇಗೂ ಇದ್ದೇ ಇರುತ್ತವೆ.

ಸಾಮಾನು ಜೋಡಿಸುವ ಮೊದಲು ನರ್ಸ್ ಹತ್ತಿರ ಕೂತು ಒಂದು ಚೀಟಿ ಮಾಡಿಕೊಳ್ಳಿ. ಯಾರಿಗೆ ಶುಗರ್, ಯಾರಿಗೆ ಉಪ್ಪು ಕಡಿಮೆ, ಯಾರಿಗೆ ಕಿಡ್ನಿ ತೊಂದರೆ, ಯಾರಿಗೆ ನುಂಗಲು ಕಷ್ಟ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರ ಹೆಸರೂ ಇರಲಿ. ಅವರಿಗೆ ಚಾಕು ಕೊಡಬೇಡಿ, ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಮೂರೂವರೆಗೆ ಶುರು ಮಾಡಿ, ನಾಲ್ಕೂವರೆ ಚಹಾಕ್ಕೆ ಮುಗಿಸಿ. ಮರೆವಿನ ಕಾಯಿಲೆ ಇರುವ ಹಲವರಿಗೆ ಹೊತ್ತು ಮುಳುಗುವಾಗ ಗಾಬರಿ, ಸಿಟ್ಟು ಜಾಸ್ತಿ ಆಗುತ್ತದೆ. ಆ ಹೊತ್ತಿಗೆ ಪಾತ್ರೆ ಸದ್ದು, ಜನ, ಗಲಾಟೆ ಬೇಡ.

ಈಗ ಮುಖ್ಯ ವಿಷಯ, ಕೆಲಸ ಹಂಚುವುದು. ಮಕ್ಕಳಿಗೆ ಆಟ ಆಡಿಸಿದ ಹಾಗೆ ಮಾಡಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಅವರು ಮಾಡದಿದ್ದರೆ ತಿಂಡಿ ಆಗುವುದೇ ಇಲ್ಲ, ಅಂಥ ಕೆಲಸ ಕೊಡಬೇಕು. ನಮ್ಮಲ್ಲಿ ಶೇಂಗಾ ಚಳ್ಳಕೆರೆ ಕಡೆಯ ಅಜ್ಜಿಯದು. ಎಣ್ಣೆ ಮಿಲ್ಲುಗಳ ಊರಿನವರು, ನಮಗೆ ಹುರಿಯಲು ಬರುವುದಿಲ್ಲ ಅಂತಲೇ ಅವರ ನಂಬಿಕೆ. ಅಡುಗೆಮನೆಯಲ್ಲಿ ಹುರಿದು ಪೂರ್ತಿ ಆರಿಸಿ ತಂದುಕೊಡುತ್ತೇನೆ. ಅವರು ಒಂದು ಕಾಳು ಉಜ್ಜಿ ನೋಡಿ "ಇನ್ನೊಂಚೂರು ಹುರೀಬೇಕಿತ್ತು ಕಣವ್ವ" ಅನ್ನುತ್ತಾರೆ. ಹೌದಾ ಅಂತ ವಾಪಸ್ ಒಯ್ಯುತ್ತೇನೆ. ಸುಮ್ನೆ ತಲೆಯಾಡಿಸಿ ಅಲ್ಲೇ ನಿಂತರೆ ಅವರ ಮಾತಿಗೆ ಬೆಲೆ ಕೊಟ್ಟಂತಾಗಲ್ಲ.

ಸಿಪ್ಪೆ ಉಜ್ಜಿ ಆದ ಮೇಲೆ ಕೇರಬೇಕು. ಅದಕ್ಕೆ ಬಿದಿರಿನ ಮೊರವೇ ಬೇಕು, ಸ್ಟೀಲ್ ತಟ್ಟೆ ಕೊಡಬೇಡಿ. ಮರೆವಿರುವ ಅಜ್ಜಿಯ ಕೈಗೆ ಮೊರ ಕೊಟ್ಟು ಪಕ್ಕದಲ್ಲಿ ಕೂರಿ. ವಿವರಿಸಲು ಹೋಗಬೇಡಿ. ಎಷ್ಟೋ ವರ್ಷ ಮಾಡಿದ ಕೆಲಸ ಕೈಗೆ ಗೊತ್ತಿರುತ್ತದೆ. ಕೈ ನಿಂತರೆ ನೀವು ಒಂದು ಸಲ ಕೇರಿ ತೋರಿಸಿ, ಸಾಕು. "ನೆನಪಿದೆಯಾ ಅಜ್ಜಿ?" ಅನ್ನುವ ಪ್ರಶ್ನೆ ಮಾತ್ರ ಬೇಡವೇ ಬೇಡ. ಅದು ಪರೀಕ್ಷೆ.

ಮಂಡಕ್ಕಿ ನೆನೆಸಿ ಹಿಂಡುವ ಕೆಲಸ ಬೆರಳು ಬಿಗಿದವರಿಗೆ ಕೊಡಿ, ನೀರು ಉಗುರು ಬೆಚ್ಚಗಿರಲಿ. ಅರ್ಧ ನಿಮಿಷ ಮುಳುಗಿಸಿ, ಎರಡು ಅಂಗೈ ನಡುವೆ ಒತ್ತಿ ತೆಗೆಯಬೇಕು. ಜಾಸ್ತಿ ನೆಂದರೆ ಮುದ್ದೆಯಾಗುತ್ತದೆ. ಲಕ್ವ ಹೊಡೆದು ಒಂದೇ ಕೈ ಆಡುವವರಿಗೆ ಕಲಸುವ ಕೆಲಸ. ಪಾತ್ರೆಯ ಅಡಿಗೆ ಒದ್ದೆ ಬಟ್ಟೆ ಹಾಸಿದರೆ ಅದು ಜಾರುವುದಿಲ್ಲ, ಇನ್ನೊಬ್ಬರು ಹಿಡಿಯುವುದೂ ಬೇಡ. ಕೊತ್ತಂಬರಿ ಸೋಸುವುದು ಯಾರಾದರೂ ಮಾಡಬಹುದು. ಹಸಿಮೆಣಸಿನಕಾಯಿ ನೀವೇ ಹೆಚ್ಚಿ. ಆ ಕೈಯಲ್ಲೇ ಕಣ್ಣು ಒರೆಸಿಕೊಳ್ಳುತ್ತಾರೆ.

ಈಳಿಗೆ ಮಣೆ ಕೇಳುವವರು ಇದ್ದೇ ಇರುತ್ತಾರೆ. ಮಂಡಿ ಬಗ್ಗಿಸಿ ನೆಲಕ್ಕೆ ಕೂತರೆ ಏಳುವುದು ಹೇಗೆ? ಟೇಬಲ್ಲು, ಕೈ ಇರುವ ಕುರ್ಚಿ, ಸಣ್ಣ ಚಾಕು, ಮೆತ್ತಗಿನ ಟೊಮೆಟೊ. ಅಷ್ಟಕ್ಕೇ ಒಪ್ಪಿಸಿ.

ಗಂಡಸರನ್ನು ಎಬ್ಬಿಸುವುದೇ ಕಷ್ಟ. ಅಡುಗೆ ಹೆಂಗಸರ ಕೆಲಸ ಅಂತ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಕಾಟನ್ ಮಿಲ್ಲಿನಲ್ಲಿ ದುಡಿದ ಒಬ್ಬ ಅಜ್ಜ ನಮ್ಮಲ್ಲಿದ್ದಾರೆ. ಅವರಿಗೆ ಅಡುಗೆ ಅನ್ನಲಿಲ್ಲ, ಪುಟಾಣಿ ತೂಗಿ ಕೊಡಿ ಅಂದೆ. ತಕ್ಕಡಿ ಅಂದ ತಕ್ಷಣ ಕನ್ನಡಕ ಹುಡುಕಿದರು. ದಾವಣಗೆರೆ 1997ರಲ್ಲೇ ಬೇರೆ ಜಿಲ್ಲೆಯಾಗಿದೆ, ಅವರು ಈಗಲೂ ಚಿತ್ರದುರ್ಗ ಜಿಲ್ಲೆ ಅಂತಲೇ ಹೇಳುತ್ತಾರೆ. ತಿದ್ದಬೇಡಿ. ಹಾಗೇ ಮಾತು ಬೆಳೆಸಿ, ಮಿಲ್ಲಿನ ಸೈರನ್ನು ಎಷ್ಟು ಹೊತ್ತಿಗೆ ಕೂಗುತ್ತಿತ್ತು ಅಂತ ಕೇಳಿ. ಎಲ್ಲರನ್ನೂ ಅಜ್ಜ, ಅಜ್ಜಿ ಅಂತ ಕರೆಯಬೇಕಾಗಿಯೂ ಇಲ್ಲ. ಮೇಷ್ಟ್ರಾಗಿದ್ದವರು "ಮೇಷ್ಟ್ರೇ" ಅಂದರೆ ಬೇಗ ಎದ್ದು ಬರುತ್ತಾರೆ.

ಜಗಳ ಆಗುತ್ತದೆ. ಒಗ್ಗರಣೆಗೆ ಚಿಟಿಕೆ ಸಕ್ಕರೆ ಹಾಕಬೇಕು ಅಂತ ಒಬ್ಬರು, ಹಾಕಿದರೆ ತಿನ್ನುವುದಿಲ್ಲ ಅಂತ ಇನ್ನೊಬ್ಬರು. ಬಿಡಿಸಲು ಓಡಬೇಡಿ. ಇಡೀ ವಾರ ಮಾತಾಡದವರು ಸಕ್ಕರೆ ವಿಷಯಕ್ಕೆ ಬಾಯಿ ಬಿಡುತ್ತಾರೆ.

ಒಗ್ಗರಣೆ ಮಾತ್ರ ಒಳಗೆ ಒಲೆಯ ಮೇಲೇ ಆಗಲಿ. ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಕರಿಬೇವು, ಮೆಣಸಿನಕಾಯಿ, ಈರುಳ್ಳಿ, ಆಮೇಲೆ ಅರಿಶಿನ, ಟೊಮೆಟೊ. ಟೊಮೆಟೊ ಪೂರ್ತಿ ಕರಗಲಿ. ಬಾಗಿಲು ತೆಗೆದಿಡಿ, ವಾಸನೆ ಹಾಲ್‌ಗೆ ಬರಬೇಕು. ಮಲಗಿದವರು ಎದ್ದು ಬರುವುದು ಅದಕ್ಕೇ. ಕೈಗೆ ಸುಡದಷ್ಟು ಆರಿದ ಮೇಲೆ ಹೊರಗೆ ತನ್ನಿ. ಹಿಂಡಿದ ಮಂಡಕ್ಕಿ, ಪುಟಾಣಿ ಪುಡಿ, ನಿಂಬೆರಸ ಹಾಕಿ ಅವರೇ ಕಲಸಲಿ. ಉಪ್ಪು ರುಚಿ ನೋಡಿಯೇ ಹಾಕಿ. ಶೇಂಗಾ ಇಡಿಯಾಗಿ ಹಾಕಬೇಡಿ, ನುಣ್ಣಗೆ ಪುಡಿ ಮಾಡಿ ಸೇರಿಸಿ. ಸೆಟ್ ಹಲ್ಲಿನವರಿಗೂ ಅದೇ ಸರಿ.

ತಿನ್ನುವಾಗ ನೆಟ್ಟಗೆ ಕೂರಿಸಿ, ಸಣ್ಣ ಚಮಚ ಕೊಡಿ. ನಗಿಸಬೇಡಿ, ಮಾತಾಡಿಸಬೇಡಿ. ತಿಂದು ಅರ್ಧ ಗಂಟೆ ಮಲಗಿಸಬೇಡಿ. ತಿಂದ ಮೇಲೆ ದನಿ ನೀರು ತುಂಬಿದ ಹಾಗೆ ಗೊರಗೊರ ಅಂದರೆ, ಮತ್ತೆ ಮತ್ತೆ ಕೆಮ್ಮಿದರೆ ಅಲ್ಲಿಗೇ ನಿಲ್ಲಿಸಿ ನರ್ಸ್‌ಗೆ ಹೇಳಿ. ಗಂಟಲಿಗೆ ಸಿಕ್ಕಿ ಕೆಮ್ಮಲೂ ಆಗದಿದ್ದರೆ ಮುಂದಕ್ಕೆ ಬಗ್ಗಿಸಿ, ಎರಡು ಹೆಗಲ ಮೂಳೆಯ ನಡುವೆ ಅಂಗೈ ಬುಡದಿಂದ ಐದು ಸಲ ಜೋರಾಗಿ ಹೊಡೆಯಬೇಕು, ಜೊತೆಗೇ 108ಕ್ಕೆ ಫೋನ್ ಮಾಡಿಸಬೇಕು. ಇದನ್ನು ಮೊದಲೇ ನರ್ಸ್ ಹತ್ತಿರ ಮಾಡಿ ನೋಡಿ ಕಲಿತುಕೊಳ್ಳಿ. ನುಂಗಲು ಕಷ್ಟವಾಗಿ ನೀರನ್ನೂ ಗಟ್ಟಿ ಮಾಡಿಯೇ ಕುಡಿಯುವವರಿಗೆ ಈ ತಿಂಡಿ ಬೇಡ. ಅವರು ಕಲಸಲಿ, ಅವರಿಗೆ ಡಾಕ್ಟರು ಹೇಳಿದ್ದನ್ನೇ ಬೇರೆ ಬಟ್ಟಲಲ್ಲಿ ಕೊಡಿ.

ಶುಗರ್ ಇರುವವರಿಗೆ ಮಂಡಕ್ಕಿಯೂ ಕಡಿಮೆಯೇ ಇರಲಿ, ಅದು ಸಕ್ಕರೆಯನ್ನು ಬೇಗ ಏರಿಸುತ್ತದೆ. ಅವರ ಬಟ್ಟಲಿಗೆ ಪುಟಾಣಿ, ಶೇಂಗಾ ಪುಡಿ ಸ್ವಲ್ಪ ಜಾಸ್ತಿ ಬೀಳಲಿ. ಪುಟಾಣಿ ತಂಬಿಟ್ಟು ಮಾಡುವ ವಾರ "ಬೆಲ್ಲ ಅಲ್ವಾ, ಏನಾಗಲ್ಲ" ಅನ್ನುತ್ತಾರೆ. ಬೆಲ್ಲವೂ ಸಕ್ಕರೆಯಷ್ಟೇ. ಉಂಡೆ ಕಟ್ಟಲಿ, ತಿನ್ನುವುದು ಗೋಲಿ ಗಾತ್ರದ್ದು ಒಂದು.

ಉಳಿದದ್ದನ್ನು ರಾತ್ರಿಗೆ ಇಡಬೇಡಿ, ನೆಂದ ಮಂಡಕ್ಕಿ ಬೇಗ ಹಳಸುತ್ತದೆ. ದಿಂಬಿನ ಕೆಳಗೂ ಒಮ್ಮೆ ಕೈ ಹಾಕಿ ನೋಡಿ. ಮಗ ಬಂದರೆ ಕೊಡೋಣ ಅಂತ ಕಟ್ಟಿಟ್ಟುಕೊಳ್ಳುವವರಿದ್ದಾರೆ.

ಮುಂದಿನ ವಾರ ಏನು ಅಂತ ಅಲ್ಲೇ ಕೇಳಿ. ನಮ್ಮಲ್ಲಿ ಎಲ್ಲರದ್ದೂ ಒಂದೇ ಉತ್ತರ, ಮಿರ್ಚಿ. ಆಗ ಹೀರೆಕಾಯಿ ಬಜ್ಜಿಗೆ ಒಪ್ಪಿಸುತ್ತೇನೆ. ಸಿಪ್ಪೆ ಹೆರೆಯುವುದು, ಹಿಟ್ಟು ಕಲಸುವುದು ಅವರು, ಕರಿಯುವುದು ನಾನು. ಖಾರ ಇಲ್ಲ ಅಂತ ಬೈಯುತ್ತಲೇ ಎರಡೆರಡು ತಿನ್ನುತ್ತಾರೆ.