ಬಳ್ಳಾರಿ ಜಾಲಿಗೆ ನೀಲಗಿರಿ ಎಣ್ಣೆ: ಎಲ್ಲಿ ಕೆಲಸ ಮಾಡಿತು, ಎಲ್ಲಿ ಮಾಡಲಿಲ್ಲ

ಕೊಪ್ಪಳದ ಕಡೆ ನಮ್ಮದು ನಾಲ್ಕು ಎಕರೆ ಎರೆ ಹೊಲ. ಅಪ್ಪ ತೀರಿಕೊಂಡ ಮೇಲೆ ಆರು ವರ್ಷ ಬೀಳು ಬಿಟ್ಟಿದ್ದೆವು. ಅಷ್ಟರಲ್ಲಿ ಒಂದೂವರೆ ಎಕರೆ ಬಳ್ಳಾರಿ ಜಾಲಿ ಪಾಲಾಗಿತ್ತು. ಹೆಸರು ಬಳ್ಳಾರಿಯದು, ಆದರೆ ಗಿಡ ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯದು. 19ನೇ ಶತಮಾನದ ಕೊನೆಗೆ, ಸೌದೆಗೆ ಆಗುತ್ತದೆ, ಬರಡು ನೆಲ ಹಸಿರಾಗುತ್ತದೆ ಎಂದು ತಂದರು. ಸೌದೆ ಚೆನ್ನಾಗಿದೆ, ಇದ್ದಿಲೂ ಚೆನ್ನಾಗಿದೆ. ಆದರೆ ಹೊಲಕ್ಕೆ ನುಗ್ಗಿದರೆ ಬಿಡುವುದಿಲ್ಲ. ಕಡಿದರೆ ಒಂದೊಂದು ಬೊಡ್ಡೆಯಿಂದ ಎಂಟು ಹತ್ತು ಚಿಗುರು.

ಬದುವಿನ ಪಕ್ಕದಲ್ಲೇ ನಮ್ಮ ಕುಡಿಯುವ ನೀರಿನ ಬಾವಿ. ಅದಕ್ಕೇ ಅಂಗಡಿಯ ಕಳೆನಾಶಕ ಬೇಡ, ಗಿಡದಿಂದಲೇ ಗಿಡ ಸಾಯಿಸೋಣ ಅಂದುಕೊಂಡೆ.

ಮೊದಲು ನೀಲಗಿರಿ ಎಲೆ ತಂದು ದೊಡ್ಡ ಹಂಡೆಯಲ್ಲಿ ಕುದಿಸಿದೆ. ಓಣಿಯೆಲ್ಲ ಘಮ್ ಅಂದಿತು. ಆ ಕಷಾಯ ಹೊಡೆದರೆ ಜಾಲಿಗೆ ಏನೂ ಆಗಲಿಲ್ಲ. ಆಮೇಲೆ ತಿಳಿಯಿತು, ಗಾಳಿಗೆ ಹೋದ ಆ ವಾಸನೆಯೇ ಔಷಧ. ಎಲೆ ಸುಡುವುದು ಅದರ ಎಣ್ಣೆ, ಮುಚ್ಚಳವಿಲ್ಲದೆ ಕುದಿಸಿದರೆ ಅದೇ ಹಾರಿಹೋಗುತ್ತದೆ.

ಎರಡನೇ ಸಲ ನೀಲಗಿರಿ ಎಣ್ಣೆಯನ್ನೇ ಕೊಂಡೆ. ಒಂದು ಲೀಟರ್ ನೀರಿಗೆ 50 ಮಿಲಿ. ಎಣ್ಣೆ ಮೇಲೆ ತೇಲುತ್ತದಲ್ವಾ, ಅದಕ್ಕೆ ಮೊದಲು ಸೋಪಿನ ನೀರಿಗೆ ಹಾಕಿ, ಹಾಲಿನ ಹಾಗೆ ಬೆಳ್ಳಗಾಗುವವರೆಗೆ ಕಲಕಿದೆ. ಉರಿಬಿಸಿಲಲ್ಲಿ, ಗಾಳಿ ಇಲ್ಲದ ಹೊತ್ತು ನೋಡಿ ಹೊಡೆದೆ. ಬೆರಳುದ್ದದ ಸಸಿಗಳು ಮರುದಿನವೇ ಕಂದಿದವು, ಮತ್ತೆ ಏಳಲಿಲ್ಲ. ಗೇಣುದ್ದ ಬೆಳೆದವು ಎಲೆ ಉದುರಿಸಿದವು, ಹದಿನೈದು ದಿನಕ್ಕೆ ಬುಡದಿಂದ ಮತ್ತೆ ಚಿಗುರಿದವು. ಇಂಥ ಎಣ್ಣೆ ತಾಗಿದ ಎಲೆಯನ್ನು ಮಾತ್ರ ಸುಡುತ್ತದೆ, ಬೇರಿಗೆ ಇಳಿಯುವುದಿಲ್ಲ. ಇದಕ್ಕೆ ಕಳೆ ಯಾವುದು, ಬೆಳೆ ಯಾವುದು ಅಂತಲೂ ಗೊತ್ತಿಲ್ಲ. ಸಾಲಿನಂಚಿನ ನನ್ನ ತೊಗರಿಯೂ ಸುಟ್ಟಿತು.

ಜಾಲಿ ಎಲೆಯನ್ನೇ ನೆನೆಸಿ ಆ ನೀರು ಹಾಕು ಎಂದೂ ಒಬ್ಬರು ಹೇಳಿದರು. ಹೊಲಕ್ಕೆ ಹಾಕುವ ಮೊದಲು ಒದ್ದೆ ಬಟ್ಟೆಯಲ್ಲಿ ಜೋಳದ ಕಾಳು ಕಟ್ಟಿ ಅದೇ ನೀರು ಚಿಮುಕಿಸಿ ನೋಡಿದೆ. ಬರೀ ನೀರಿನಲ್ಲಿಟ್ಟಿದ್ದಕ್ಕಿಂತ ಮೊಳಕೆ ತೀರಾ ಕಡಿಮೆ. ಜಾಲಿ ಕೆಳಗೆ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ. ಆ ನೀರನ್ನು ಹೊಲಕ್ಕೆ ತರಲೇ ಇಲ್ಲ.

ದೊಡ್ಡ ಮರಗಳ ಬೊಡ್ಡೆಗೆ ಗೋಡಂಬಿ ಸಿಪ್ಪೆಯ ಎಣ್ಣೆ ಬಳಿದೆ. ದಯವಿಟ್ಟು ಬರಿಗೈಯಲ್ಲಿ ಮುಟ್ಟಬೇಡಿ, ನನ್ನ ಅಂಗೈ ಬೊಬ್ಬೆ ಬಂದು ಒಂದು ವಾರ ಗುದ್ದಲಿ ಹಿಡಿಯಲಾಗಲಿಲ್ಲ. ಬಳಿದ ಜಾಗ ಕಪ್ಪಾಯಿತು. ಚಿಗುರು ಮಾತ್ರ ಮಣ್ಣಿನ ಒಳಗಿಂದ ಬಂತು. ಆಗಲೇ ಬುಡ ಅಗೆದು ನೋಡಿದ್ದು. ಚಿಗುರಿನ ಕಣ್ಣೆಲ್ಲ ನೆಲಕ್ಕಿಂತ ಸ್ವಲ್ಪ ಕೆಳಗೆ, ಬುಡ ದಪ್ಪಗಾದ ಕಡೆ ಇತ್ತು. ಅದರ ಕೆಳಗೆ, ಒಂದು ಗೇಣು ಆಳದಲ್ಲಿ ತಾಯಿಬೇರನ್ನು ಕತ್ತರಿಸಿ ಬೊಡ್ಡೆಯನ್ನೇ ಹೊರಗೆ ತೆಗೆದೆವು. ಹಾಗೆ ತೆಗೆದವು ಮತ್ತೆ ಬರಲಿಲ್ಲ. ಮಳೆ ಬಿದ್ದು ನೆಲ ಮೆತ್ತಗಿದ್ದಾಗ ಇಬ್ಬರು ಸೇರಿ ದಿನಕ್ಕೆ ಹತ್ತು ಹನ್ನೆರಡು ಬೊಡ್ಡೆ ಕಿತ್ತೆವು. ಇದಕ್ಕೆ ಯಾವ ಎಣ್ಣೆಯೂ ಸಾಟಿ ಇಲ್ಲ.

ಸಸಿ ಎಲ್ಲಿಂದ ಬರುತ್ತವೆ ಅಂತ ತಡವಾಗಿ ಗಮನಿಸಿದೆ. ಜಾಲಿ ಕಾಯಿ ಸಿಹಿ. ಕುರಿ, ಮೇಕೆ, ದನ ಆಸೆಯಿಂದ ತಿನ್ನುತ್ತವೆ. ಗಟ್ಟಿ ಸಿಪ್ಪೆಯ ಬೀಜ ಹೊಟ್ಟೆಯಲ್ಲಿ ಕರಗದೆ ಹಿಕ್ಕೆ, ಸಗಣಿಯ ಜೊತೆ ಹೊಲಕ್ಕೆ ಬೀಳುತ್ತದೆ, ಗೊಬ್ಬರವೂ ಪಕ್ಕದಲ್ಲೇ ಸಿಗುತ್ತದೆ. ಕುರಿ ತರುಬಿಸುವುದನ್ನು, ಅಂದರೆ ರಾತ್ರಿ ಹೊಲದಲ್ಲೇ ಕುರಿ ಹಿಂಡು ನಿಲ್ಲಿಸುವುದನ್ನು, ನಾನು ಬಿಟ್ಟಿಲ್ಲ, ಗೊಬ್ಬರಕ್ಕೆ ಅದು ಬೇಕೇ ಬೇಕು. ಆದರೆ ಕಾಯಿ ಉದುರುವ ಕಾಲದಲ್ಲಿ ಬೇಡ ಎಂದು ಕುರುಬರಿಗೆ ಹೇಳುತ್ತೇನೆ. ಮೊದಲ ಮಳೆಯ ಹದಿನೈದನೇ ದಿನ ಬಿತ್ತನೆಗೆ ಮುಂಚೆ ಹೊಲ ಸುತ್ತುತ್ತೇನೆ. ಬೆರಳುದ್ದದ ಸಸಿ ಕಂಡಲ್ಲಿ ಮಾತ್ರ ನೀಲಗಿರಿ ಎಣ್ಣೆ. ಗೇಣು ದಾಟಿದ್ದಕ್ಕೆ ಗುದ್ದಲಿ.