ಚಿತ್ರಕ್ಕಿಂತ ಮೊದಲು ಲೆಕ್ಕ: ಪರಮಾಣು ಮಾದರಿಗಳನ್ನು ನಾನು ಕಲಿಸಿದ ಬಗೆ

ಪರಮಾಣು ಮಾದರಿಗಳ ಪಾಠ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಾಲಾಗಿ ನಿಂತ ಐದು ಚಿತ್ರಗಳ ರೂಪದಲ್ಲಿ ಬರುತ್ತದೆ. ಡಾಲ್ಟನ್ನರ ಗಟ್ಟಿ ಗೋಳ, ಥಾಮ್ಸನ್ನರ ಚುಕ್ಕೆಗಳುಳ್ಳ ಗೋಳ, ರುದರ್‌ಫೋರ್ಡರ ನಡುಬೀಜ, ಬೋರರ ಉಂಗುರಗಳು, ಕೊನೆಗೆ ಮೋಡದಂಥ ಒಂದು ಮಸುಕು. ಪ್ರತಿಯೊಂದರ ಕೆಳಗೂ ಒಂದು ಇಸವಿ, ಒಂದೆರಡು ಕೊರತೆಗಳು. ಇದನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿಯುವುದು ಒಂದೇ ಅನಿಸಿಕೆ: ಹಳಬರು ಏನೋ ಊಹಿಸಿದರು, ಅದು ತಪ್ಪಾಯಿತು, ಹೊಸಬರು ಊಹಿಸಿದ್ದು ಸರಿಯಾಯಿತು. ಭೌತಶಾಸ್ತ್ರ ಕಲಿಸುವ ನನಗೆ ಈ ಅನಿಸಿಕೆಯನ್ನು ಸಹಿಸಿಕೊಳ್ಳಲು ಆಗುತ್ತಿರಲಿಲ್ಲ. ಇವುಗಳಲ್ಲಿ ಯಾವುದೂ ಬರಿಯ ಊಹೆಯಾಗಿರಲಿಲ್ಲ. ಪ್ರತಿಯೊಂದೂ ಒಂದು ಅಳತೆಗೆ ಕೊಟ್ಟ ಉತ್ತರವಾಗಿತ್ತು.

ಆದ್ದರಿಂದ ನಾನು ಒಂದು ಕ್ರಮವನ್ನು ರೂಢಿಸಿಕೊಂಡೆ. ಯಾವ ಮಾದರಿಯ ಚಿತ್ರವನ್ನೂ ಮೊದಲು ಬರೆಯುವುದಿಲ್ಲ. ಒಂದು ಅಳತೆಯನ್ನು ಹಲಗೆಯ ಮೇಲೆ ಬರೆಯುತ್ತೇನೆ. ಆ ಅಳತೆಗೆ ಹಿಂದಿನ ಮಾದರಿ ಏನು ಉತ್ತರ ಕೊಡುತ್ತದೆ ಎಂದು ಎಲ್ಲರೂ ಸೇರಿ ಲೆಕ್ಕ ಹಾಕುತ್ತೇವೆ. ಆ ಲೆಕ್ಕ ಸೋತ ಮೇಲೆಯೇ ಹೊಸ ಚಿತ್ರಕ್ಕೆ ಜಾಗ.

ಪ್ರಾಚೀನ ಭಾರತದ ಕಣಾದರನ್ನೂ ಗ್ರೀಸಿನ ಡೆಮೊಕ್ರಿಟಸ್‌ರನ್ನೂ ಗೌರವದಿಂದ ನೆನೆದು ಮುಂದೆ ಸಾಗುತ್ತೇನೆ. ವಸ್ತುವನ್ನು ಒಡೆಯುತ್ತ ಹೋದರೆ ಎಲ್ಲೋ ಒಂದು ಕಡೆ ನಿಲ್ಲಬೇಕು ಎಂಬುದು ದೊಡ್ಡ ಆಲೋಚನೆಯೇ. ಆದರೆ ಅದನ್ನು ತೂಗಿ ನೋಡುವ ತಕ್ಕಡಿ ಆಗ ಇರಲಿಲ್ಲ. ತಕ್ಕಡಿ ಬಂದದ್ದು ರಸಾಯನಶಾಸ್ತ್ರದ ಜೊತೆಗೆ.

ಡಾಲ್ಟನ್ನರ ಪಾಠಕ್ಕೆ ನಾನು ಕೊಡುವುದು ಎರಡು ಅನಿಲಗಳ ಶೇಕಡಾವಾರು ಲೆಕ್ಕ. ಒಂದರಲ್ಲಿ ಇಂಗಾಲ ಶೇ. 42.9, ಆಮ್ಲಜನಕ ಶೇ. 57.1. ಇನ್ನೊಂದರಲ್ಲಿ ಇಂಗಾಲ ಶೇ. 27.3, ಆಮ್ಲಜನಕ ಶೇ. 72.7. ಈ ನಾಲ್ಕು ಸಂಖ್ಯೆಗಳನ್ನು ಎಷ್ಟು ಹೊತ್ತು ನೋಡಿದರೂ ಏನೂ ಹೊಳೆಯುವುದಿಲ್ಲ. ಎರಡರಲ್ಲೂ ಇಂಗಾಲವನ್ನು 12 ಗ್ರಾಂ ಎಂದು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿ ಎನ್ನುತ್ತೇನೆ. ಆಮ್ಲಜನಕ ಮೊದಲನೆಯದರಲ್ಲಿ 16 ಗ್ರಾಂ, ಎರಡನೆಯದರಲ್ಲಿ 32 ಗ್ರಾಂ ಬರುತ್ತದೆ. ಸರಿಯಾಗಿ ಎರಡು ಪಟ್ಟು, ನಡುವೆ ಏನೂ ಇಲ್ಲ. ವಸ್ತು ಇಡಿ ಇಡಿಯಾದ ಕಣಗಳಾಗಿ ಸೇರುತ್ತದೆ ಎಂಬ ಮಾತಿಗೆ ಇದಕ್ಕಿಂತ ಸರಳವಾದ ಸಾಕ್ಷಿ ನನಗೆ ಗೊತ್ತಿಲ್ಲ. 1808ರಲ್ಲಿ ಡಾಲ್ಟನ್ ತಮ್ಮ ಸಿದ್ಧಾಂತವನ್ನು ಗ್ರಂಥವಾಗಿ ಪ್ರಕಟಿಸಿದಾಗ ನೀರಿನಲ್ಲಿ ಒಂದು ಜಲಜನಕಕ್ಕೆ ಒಂದು ಆಮ್ಲಜನಕ ಎಂದು ಭಾವಿಸಿದ್ದರು. ಆ ಗೊಂದಲ ತಿಳಿಯಾಗುವ ದಾರಿ ಕಂಡದ್ದು 1860ರ ಕಾರ್ಲ್ಸ್‌ರೂಹ ಸಮ್ಮೇಳನದಲ್ಲಿ, ಸಮಾನ ಗಾತ್ರದ ಅನಿಲಗಳಲ್ಲಿ ಸಮಾನ ಸಂಖ್ಯೆಯ ಕಣಗಳಿರುತ್ತವೆ ಎಂಬ ಅವೊಗಾಡ್ರೋ ಅವರ ಹಳೆಯ ವಿಚಾರವನ್ನು ಕ್ಯಾನಿಜಾರೋ ಅವರು ಮುಂದಿಟ್ಟಾಗ.

ಥಾಮ್ಸನ್ನರ ಬಳಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಪುಸ್ತಕಗಳು ಅವರಿಗೆ ಅನ್ಯಾಯ ಮಾಡಿವೆ. 1897ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಅವರು ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಋಣ ವಿದ್ಯುದ್ವಾರದಿಂದ (ಕ್ಯಾಥೋಡಿನಿಂದ) ಹೊರಡುವ ಕ್ಯಾಥೋಡ್ ಕಿರಣಗಳ ಆವೇಶಕ್ಕೂ ದ್ರವ್ಯರಾಶಿಗೂ ಇರುವ ಅನುಪಾತವನ್ನು ಅಳೆದರು. ಕೊಳವೆಯೊಳಗಿನ ಅನಿಲ ಬದಲಾದರೂ ಕ್ಯಾಥೋಡಿನ ಲೋಹ ಬದಲಾದರೂ ಅನುಪಾತ ಬದಲಾಗಲಿಲ್ಲ. ಜಲಜನಕದ ಅಯಾನಿಗೆ, ಅಂದರೆ ಆವೇಶ ಹೊತ್ತ ಜಲಜನಕ ಪರಮಾಣುವಿಗೆ, ಹೋಲಿಸಿದರೆ ಅದು ಸಾವಿರ ಪಟ್ಟಿನ ಆಸುಪಾಸಿನಲ್ಲಿತ್ತು. ಇಂದಿನ ಅಳತೆಯಲ್ಲಿ ಸುಮಾರು 1,836 ಪಟ್ಟು. ಎಲ್ಲ ಪರಮಾಣುಗಳಲ್ಲೂ ಇರುವ, ಪರಮಾಣುವಿಗಿಂತ ಬಹಳ ಹಗುರವಾದ ಒಂದು ಕಣ ಸಿಕ್ಕಿತು: ಎಲೆಕ್ಟ್ರಾನ್. ಹಾಗಾದರೆ ಉಳಿದ ಧನ ಆವೇಶ ಎಲ್ಲಿದೆ? ಅದು ಇಡೀ ಗೋಳದಲ್ಲಿ ಸಮನಾಗಿ ಹರಡಿದೆ ಎಂದು ಇಟ್ಟುಕೊಂಡು, ಅದರೊಳಗೆ ಎಲೆಕ್ಟ್ರಾನುಗಳು ಎಲ್ಲೆಲ್ಲಿ ಸಮತೋಲದಲ್ಲಿ ನಿಲ್ಲುತ್ತವೆ ಎಂಬುದನ್ನು 1904ರಲ್ಲಿ ಅವರು ಗಣಿತದಿಂದಲೇ ಬಿಡಿಸಿದರು. ಉಂಗುರಗಳು ಬಂದವು.

ಆ ಉಂಗುರಗಳನ್ನು ಕಣ್ಣಾರೆ ನೋಡಬಹುದು. ಆಲ್‌ಫ್ರೆಡ್ ಮೇಯರ್ 1878ರಲ್ಲಿ ಮಾಡಿ ತೋರಿಸಿದ ಪ್ರಯೋಗ ಇದು. ಥಾಮ್ಸನ್ ಕೂಡ ಇದನ್ನು ಉದಾಹರಿಸಿದ್ದಾರೆ. ಹೊಲಿಗೆ ಸೂಜಿಗಳನ್ನು ಒಂದೇ ದಿಕ್ಕಿನಲ್ಲಿ ಕಾಂತಗೊಳಿಸಿ, ತೆಳುವಾದ ಬೆಂಡಿನ ಬಿಲ್ಲೆಗಳಲ್ಲಿ ನೆಟ್ಟಗೆ ಚುಚ್ಚಿ, ಎಲ್ಲ ಸೂಜಿಗಳ ಒಂದೇ ಧ್ರುವ ಮೇಲೆ ಬರುವಂತೆ ಅಗಲವಾದ ಗಾಜಿನ ಪಾತ್ರೆಯ ನೀರಿನಲ್ಲಿ ತೇಲಿಬಿಟ್ಟೆ. ಮೇಲಿನಿಂದ ಒಂದು ದಂಡಕಾಂತದ ವಿರುದ್ಧ ಧ್ರುವವನ್ನು ಹಿಡಿದೆ. ಸೂಜಿಗಳು ಒಂದನ್ನೊಂದು ತಳ್ಳುತ್ತವೆ, ದಂಡಕಾಂತ ಎಲ್ಲವನ್ನೂ ನಡುವಿಗೆ ಸೆಳೆಯುತ್ತದೆ. ಮೂರಕ್ಕೆ ತ್ರಿಕೋನ, ನಾಲ್ಕಕ್ಕೆ ಚೌಕ, ಐದಕ್ಕೆ ಪಂಚಕೋನ. ಆರನೆಯದನ್ನು ಬಿಟ್ಟಾಗ ಷಟ್ಕೋನ ಬರುತ್ತದೆಂದು ಎಲ್ಲರೂ ಕಾಯುತ್ತಾರೆ. ಬರುವುದಿಲ್ಲ, ಒಂದು ಸೂಜಿ ನಡುವಿಗೆ ಹೋಗಿ ನಿಲ್ಲುತ್ತದೆ, ಐದು ಸುತ್ತಲೂ ಉಳಿಯುತ್ತವೆ. ಇನ್ನೂ ಸೇರಿಸುತ್ತ ಹೋದರೆ ಒಳ ಉಂಗುರ, ಹೊರ ಉಂಗುರ ಎಂದು ಬೆಳೆಯುತ್ತದೆ, ಒಳಗಿನ ವಿನ್ಯಾಸಗಳು ಮರುಕಳಿಸುತ್ತವೆ. ಧಾತುಗಳ ಗುಣಗಳು ಆವರ್ತ ಕೋಷ್ಟಕದಲ್ಲಿ ಏಕೆ ಮರುಕಳಿಸುತ್ತವೆ ಎಂಬುದಕ್ಕೆ ಥಾಮ್ಸನ್ ಕಂಡ ಸುಳಿವು ಇದೇ. ಮಾಡಿ ನೋಡುವವರಿಗೆ ಒಂದು ಮಾತು: ಕಾಂತವನ್ನು ತೀರ ಕೆಳಗೆ ಹಿಡಿದರೆ ಸೂಜಿಗಳು ಗುಂಪುಗೂಡುತ್ತವೆ, ತೀರ ಮೇಲೆ ಹಿಡಿದರೆ ಪಾತ್ರೆಯ ಅಂಚಿಗೆ ಸರಿಯುತ್ತವೆ. ಕಾಂತವನ್ನು ಕೈಯಲ್ಲಿ ಹಿಡಿಯುವುದಕ್ಕಿಂತ ಸ್ಟ್ಯಾಂಡಿಗೆ ಕಟ್ಟುವುದು ಒಳ್ಳೆಯದು.

ಈಗ ಇಡೀ ಪಾಠದ ತಿರುಳು. ಥಾಮ್ಸನ್ನರ ಪರಮಾಣುವನ್ನು ಪೂರ್ತಿ ನಂಬಿ, ಅದರ ಮೂಲಕ ಆಲ್ಫಾ ಕಣವೊಂದನ್ನು, ಅಂದರೆ ವಿಕಿರಣಶೀಲ ವಸ್ತುವಿನಿಂದ ಹೊಮ್ಮುವ ಎರಡು ಘಟಕ ಧನ ಆವೇಶದ ಕಣವನ್ನು, ಹಾಯಿಸುತ್ತೇವೆ. ಚಿನ್ನದ 79 ಘಟಕ ಧನ ಆವೇಶ 0.1 ನ್ಯಾನೋಮೀಟರ್ ತ್ರಿಜ್ಯದ ಗೋಳದಲ್ಲಿ ಹರಡಿದೆ. ಗೋಳದ ಅಂಚಿನಲ್ಲಿ ಆಲ್ಫಾ ಕಣದ ವಿದ್ಯುತ್ ವಿಭವ ಶಕ್ತಿ ಸುಮಾರು 2,300 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯನ್ನು ಅಳೆಯುವ ಏಕಮಾನ). ಕಣದ ಚಲನ ಶಕ್ತಿಯೋ 77 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಒಂದು ಪರಮಾಣು ಅದನ್ನು ಬಾಗಿಸಬಲ್ಲ ಕೋನ ಹೆಚ್ಚೆಂದರೆ 0.017 ಡಿಗ್ರಿಯಷ್ಟು. ಎಲೆಕ್ಟ್ರಾನುಗಳು ಆಲ್ಫಾ ಕಣಕ್ಕಿಂತ ಏಳು ಸಾವಿರ ಪಟ್ಟಿಗೂ ಹೆಚ್ಚು ಹಗುರ, ಅವುಗಳಿಂದಲೂ ಹೆಚ್ಚೇನೂ ಆಗದು. ಪ್ರಯೋಗದಲ್ಲಿ ಬಳಸಿದ ಚಿನ್ನದ ತಗಡಿನ ದಪ್ಪ 0.00004 ಸೆಂಟಿಮೀಟರ್, ಅಂದರೆ ಸುಮಾರು 1,500 ಪರಮಾಣು ಪದರಗಳು. ಪ್ರತಿ ಪದರದಲ್ಲೂ ಯಾವುದೋ ದಿಕ್ಕಿಗೆ ಸಣ್ಣ ತಳ್ಳಾಟ. ಯಾದೃಚ್ಛಿಕ ತಳ್ಳಾಟಗಳು ವರ್ಗಮೂಲದ ಲೆಕ್ಕದಲ್ಲಿ ಕೂಡುತ್ತವೆ, ಆದ್ದರಿಂದ ಸುಮಾರು 40 ಪಟ್ಟು. ಒಟ್ಟು 0.7 ಡಿಗ್ರಿಯ ಹತ್ತಿರ.

ರುದರ್‌ಫೋರ್ಡರ ಸಹೋದ್ಯೋಗಿ ಗೈಗರ್ ಇಂಥ ತಗಡಿನಲ್ಲಿ ಅಳೆದ ಅತಿ ಸಂಭವನೀಯ ಕೋನ 0.87 ಡಿಗ್ರಿ!

ಇಲ್ಲಿ ನಾನು ಬೇಕೆಂದೇ ನಿಲ್ಲುತ್ತೇನೆ. ಥಾಮ್ಸನ್ನರ ಮಾದರಿ ಗೆದ್ದಿದೆ. ತರಗತಿ ಅದನ್ನು ಒಪ್ಪಿಕೊಂಡ ಮೇಲೆ ಎರಡನೆಯ ಅಳತೆಯನ್ನು ಬರೆಯುತ್ತೇನೆ: ಅದೇ ತಗಡಿನಲ್ಲಿ ಸುಮಾರು 20,000 ಕಣಗಳಲ್ಲಿ ಒಂದು 90 ಡಿಗ್ರಿಯಷ್ಟು ತಿರುಗಿತು. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ಕಂಡದ್ದು ಇದನ್ನೇ. 90 ಎಂದರೆ 0.87ರ ನೂರು ಪಟ್ಟಿಗೂ ಹೆಚ್ಚು. ಸಣ್ಣ ತಳ್ಳಾಟಗಳು ಕೂಡಿಕೊಂಡೇ ಅಷ್ಟು ತಿರುಗುವ ಸಂಭವನೀಯತೆಯನ್ನು ಲೆಕ್ಕ ಹಾಕಿದರೆ ದಶಮಾಂಶ ಬಿಂದುವಿನ ನಂತರ ಎರಡು ಸಾವಿರಕ್ಕೂ ಹೆಚ್ಚು ಸೊನ್ನೆಗಳು ಬರುತ್ತವೆ. ಒಂದು ಕಡೆ 20,000ದಲ್ಲಿ ಒಂದು, ಇನ್ನೊಂದು ಕಡೆ ಈ ಸೊನ್ನೆಗಳ ಸಾಲು. ಮಾದರಿಯೊಂದು ಕುಸಿಯುವುದು ಹೀಗೆ. ಯಾರೋ ಹೊಸದನ್ನು ಊಹಿಸಿದರು ಎಂಬ ಕಾರಣಕ್ಕಲ್ಲ.

ಒಂದೇ ಮುಖಾಮುಖಿಯಲ್ಲಿ ಇಷ್ಟು ದೊಡ್ಡ ತಿರುವು ಬರಬೇಕಾದರೆ ಆವೇಶ ಎಷ್ಟು ಇಕ್ಕಟ್ಟಾಗಿರಬೇಕು? ಚಲನ ಶಕ್ತಿಯೆಲ್ಲ ವಿಭವ ಶಕ್ತಿಯಾಗುವ ದೂರವನ್ನು ಹುಡುಕಿದರೆ ಸುಮಾರು 0.00003 ನ್ಯಾನೋಮೀಟರ್ ಬರುತ್ತದೆ, ಪರಮಾಣುವಿನ ತ್ರಿಜ್ಯದ ಮೂರು ಸಾವಿರದಲ್ಲಿ ಒಂದು ಪಾಲಿನಷ್ಟು. ಚಿನ್ನದ ನಡುಬೀಜ, ಅಂದರೆ ನ್ಯೂಕ್ಲಿಯಸ್, ಇದಕ್ಕಿಂತಲೂ ಚಿಕ್ಕದು; ಈ ಲೆಕ್ಕ ಕೊಡುವುದು ಮೇಲ್ಮಿತಿಯನ್ನು ಮಾತ್ರ. ರುದರ್‌ಫೋರ್ಡರ 1911ರ ಲೇಖನದ ಎಚ್ಚರ ನನಗೆ ಬಹಳ ಮೆಚ್ಚುಗೆ. ಯಾವ ಕೋನಕ್ಕೆ ಎಷ್ಟು ಕಣಗಳು ಚದುರುತ್ತವೆ ಎಂಬುದಕ್ಕೆ ಅದರಲ್ಲಿ ಅವರು ಒಂದು ಸೂತ್ರ ಕೊಟ್ಟರು; ನಡುವಿನ ಆವೇಶ ಧನವೋ ಋಣವೋ ಎಂದು ಆ ಸೂತ್ರದಿಂದ ಹೇಳಲಾಗದು ಎಂಬುದನ್ನು ಅವರು ಮರೆಮಾಚಲಿಲ್ಲ. ಆ ಪರಮಾಣು ಹೇಗೆ ಸ್ಥಿರವಾಗಿ ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಟ್ಟರು. 1913ರಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ಆ ಸೂತ್ರವನ್ನು 5ರಿಂದ 150 ಡಿಗ್ರಿಯವರೆಗೆ ಪರೀಕ್ಷಿಸಿದರು. ಸೂತ್ರದ ಪ್ರಕಾರ 150 ಡಿಗ್ರಿಯಲ್ಲಿ ಸಿಗುವುದಕ್ಕಿಂತ 15 ಡಿಗ್ರಿಯಲ್ಲಿ ಸುಮಾರು 3,000 ಪಟ್ಟು ಹೆಚ್ಚು ಕಣಗಳು ಸಿಗಬೇಕು. ಕತ್ತಲೆಯಲ್ಲಿ ಕುಳಿತು, ಕಣಗಳು ಪರದೆಗೆ ಬಡಿದಾಗ ಮೂಡುವ ಬೆಳಕಿನ ಮಿಣುಕುಗಳನ್ನು ಒಂದೊಂದಾಗಿ ಎಣಿಸಿದ ಆ ಇಬ್ಬರ ಎಣಿಕೆ ಸೂತ್ರದ ಜೊತೆಜೊತೆಗೇ ಸಾಗಿತು.

ಬದಿಗಿಟ್ಟ ಪ್ರಶ್ನೆ ಕಾಯುತ್ತಿತ್ತು. ಸುತ್ತುವ ಎಲೆಕ್ಟ್ರಾನ್ ವಿಕಿರಣವನ್ನು ಹೊರಸೂಸಬೇಕು, ಶಕ್ತಿ ಕಳೆದುಕೊಂಡು ನಡುವಿಗೆ ಬೀಳಬೇಕು. ಜಲಜನಕಕ್ಕೆ ಲೆಕ್ಕ ಹಾಕಿದರೆ ಒಂದು ಸೆಕೆಂಡಿನ ಸಾವಿರ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಸಮಯ ಸಾಕು.

ಬೋರರಿಗೆ ಮೊದಲು ಬಾಮರ್ ಬರಬೇಕು. ಜಲಜನಕದ ಕೊಳವೆಯನ್ನು ಹೊತ್ತಿಸಿ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್ ಮೂಲಕ ನೋಡಿಸುತ್ತೇನೆ. ಕೆಂಪು ಮತ್ತು ಹಸಿರುನೀಲಿ ಗೆರೆಗಳು ಎದ್ದು ಕಾಣುತ್ತವೆ, ನೇರಳೆ ಸ್ವಲ್ಪ ಮಂಕು, ನಾಲ್ಕನೆಯದಕ್ಕೆ ಕೋಣೆಯನ್ನು ಚೆನ್ನಾಗಿ ಕತ್ತಲೆ ಮಾಡಬೇಕು. ತರಂಗದೂರಗಳು 656, 486, 434, 410 ನ್ಯಾನೋಮೀಟರ್. ಬಾಸೆಲ್‌ನ ಶಾಲಾ ಶಿಕ್ಷಕ ಬಾಮರ್ 1885ರಲ್ಲಿ ಇವಕ್ಕೆ ಒಂದು ಸೂತ್ರ ಕಂಡುಕೊಂಡರು. ಸೂತ್ರವನ್ನು ನಾನು ಹೇಳುವುದಿಲ್ಲ. ತರಂಗದೂರಗಳನ್ನು ಶಕ್ತಿಗೆ ಬದಲಾಯಿಸಿ ಎನ್ನುತ್ತೇನೆ: 1.89, 2.55, 2.86, 3.02 ಎಲೆಕ್ಟ್ರಾನ್ ವೋಲ್ಟ್. ಪ್ರತಿಯೊಂದನ್ನೂ 3.40ರಿಂದ ಕಳೆಯಿರಿ: 1.51, 0.85, 0.54, 0.38. ಈಗ 13.6ನ್ನು ಈ ಸಂಖ್ಯೆಗಳಿಂದ ಭಾಗಿಸಿ. ಸುಮಾರಾಗಿ 9, 16, 25, 36. ವರ್ಗಗಳು! 3.40 ಕೂಡ 13.6ರ ಕಾಲು ಭಾಗವೇ ಎಂದು ಯಾರಾದರೂ ಒಬ್ಬರು ಕಂಡುಹಿಡಿದೇ ಹಿಡಿಯುತ್ತಾರೆ. ಎಲೆಕ್ಟ್ರಾನಿನ ಶಕ್ತಿಗೆ ಮೆಟ್ಟಿಲುಗಳಿವೆ, ಆ ಮೆಟ್ಟಿಲುಗಳ ನಡುವಿನ ಇಳಿತವೇ ಬೆಳಕು ಎಂಬ ಬೋರರ 1913ರ ಮಾತು ಆಗ ತಾನಾಗಿ ಕೂಡಿಬರುತ್ತದೆ.

ಬೋರ್ ಮಾದರಿಯ ಬಗ್ಗೆ ನನಗೆ ಅತ್ಯಂತ ಪ್ರಿಯವಾದ ಅಳತೆ ಬೇರೆಯದು. ನಕ್ಷತ್ರದ ಬೆಳಕಿನಲ್ಲಿ ಖಗೋಳಜ್ಞ ಪಿಕರಿಂಗ್ ಕಂಡಿದ್ದ ಕೆಲವು ಗೆರೆಗಳು ಜಲಜನಕದ್ದಲ್ಲ, ಒಂದು ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂನದು ಎಂದು ಬೋರ್ ವಾದಿಸಿದರು. ಹಾಗಾದರೆ ಹೀಲಿಯಂ ಮತ್ತು ಜಲಜನಕದ ಗೆರೆಗಳ ಸೂತ್ರಗಳಲ್ಲಿ ಬರುವ ಸ್ಥಿರಾಂಕಗಳ ಅನುಪಾತ 4 ಇರಬೇಕು. ಪ್ರಯೋಗದ ಅನುಪಾತ 4.0016 ಎಂದು ಫೌಲರ್ ಆಕ್ಷೇಪಿಸಿದರು. ನ್ಯೂಕ್ಲಿಯಸ್ ಕೂಡ ತುಸು ಅಲುಗುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ 4.00163 ಬರುತ್ತದೆ ಎಂದು ಬೋರ್ ತೋರಿಸಿದರು. ಬರಿಯ ಚಿತ್ರದಿಂದ ನಾಲ್ಕನೆಯ ದಶಮಾಂಶ ಸ್ಥಾನದವರೆಗೆ ತಲುಪಲಾಗದು.

ಮೋಸ್ಲೆಯವರ ಪಾಠ ಚಿಕ್ಕದು, ಆದರೆ ಬಿಡಬಾರದು. ಕಬ್ಬಿಣ, ಕೋಬಾಲ್ಟ್, ನಿಕಲ್, ತಾಮ್ರ ಹೊಮ್ಮಿಸುವ ಪ್ರಧಾನ ಎಕ್ಸ್ ಕಿರಣದ ಶಕ್ತಿಗಳು 6.40, 6.93, 7.48, 8.05 ಸಾವಿರ ಎಲೆಕ್ಟ್ರಾನ್ ವೋಲ್ಟ್. ವರ್ಗಮೂಲ ತೆಗೆದರೆ 2.53, 2.63, 2.73, 2.84, ಸಮನಾದ ಹೆಜ್ಜೆಗಳು. ಪರಮಾಣು ತೂಕದಲ್ಲಿ ಕೋಬಾಲ್ಟ್ ನಿಕಲ್‌ಗಿಂತ ತುಸು ಭಾರ, ಆದರೂ ಹೆಜ್ಜೆಯ ಕ್ರಮದಲ್ಲಿ ಅದು ಮೊದಲು. ಧಾತುವಿನ ಗುರುತು ತೂಕವಲ್ಲ, ನ್ಯೂಕ್ಲಿಯಸ್ಸಿನ ಆವೇಶ. ಇದನ್ನು ಕಂಡುಕೊಟ್ಟ ಮೋಸ್ಲೆ 1915ರಲ್ಲಿ ಗಲಿಪೊಲಿಯ ಯುದ್ಧದಲ್ಲಿ ಪ್ರಾಣ ಬಿಟ್ಟರು. ಆಗ ಅವರಿಗೆ 27 ವರ್ಷ. ಇದನ್ನು ಹೇಳದೆ ನಾನು ಆ ಕೋಷ್ಟಕವನ್ನು ಅಳಿಸುವುದಿಲ್ಲ.

ಬೋರ್ ಮಾದರಿ ಎರಡು ಎಲೆಕ್ಟ್ರಾನುಗಳ ಹೀಲಿಯಂ ಮುಂದೆ ನಿಂತುಹೋಯಿತು. ಮುಂದಿನ ಅಳತೆ 1927ರದು. ಡೇವಿಸನ್ ಮತ್ತು ಜರ್ಮರ್ 54 ವೋಲ್ಟ್‌ನ ಎಲೆಕ್ಟ್ರಾನುಗಳನ್ನು ನಿಕಲ್ ಹರಳಿನ ಮೇಲೆ ಬಿಟ್ಟಾಗ 50 ಡಿಗ್ರಿಯಲ್ಲಿ ಒಂದು ಶಿಖರ ಕಂಡಿತು. ಹರಳಿನ ಜ್ಯಾಮಿತಿಯಿಂದ ಬರುವ ತರಂಗದೂರ 0.165 ನ್ಯಾನೋಮೀಟರ್, ಕಣಕ್ಕೂ ತರಂಗದೂರ ಉಂಟು ಎಂದು ಡಿ ಬ್ರಾಯ್ 1924ರಲ್ಲಿ ಕೊಟ್ಟ ಸೂತ್ರದಿಂದ 0.167. ಎಲೆಕ್ಟ್ರಾನನ್ನು ಸುತ್ತುವ ಗುಂಡು ಎಂದು ಭಾವಿಸಿದರೆ ಈ ಹೊಂದಾಣಿಕೆಗೆ ಅರ್ಥವೇ ಇಲ್ಲ. ಶ್ರೋಡಿಂಗರ್ 1926ರಲ್ಲಿ ಬರೆದ ಸಮೀಕರಣ ಜಲಜನಕಕ್ಕೆ ಬೋರರ ಶಕ್ತಿಗಳನ್ನೇ ಕೊಡುತ್ತದೆ, ಆದರೆ ಅತಿ ಕೆಳಗಿನ ಸ್ಥಿತಿಯಲ್ಲಿ ಕೋನೀಯ ಸಂವೇಗ ಸೊನ್ನೆ. ಸೊನ್ನೆ ಎಂದರೆ ಸುತ್ತುವಿಕೆಯೇ ಇಲ್ಲ. ಉಂಗುರ ಅಳಿಸಿಹೋಗುವುದು ಇಲ್ಲಿ.

ಮೋಡದ ಚಿತ್ರವನ್ನು ನಾನು ಸಿದ್ಧವಾಗಿ ಕೊಡುವುದಿಲ್ಲ. ನ್ಯೂಕ್ಲಿಯಸ್ಸಿನಿಂದ ಯಾವ ದೂರದಲ್ಲಿ ಎಲೆಕ್ಟ್ರಾನ್ ಸಿಗುವ ಸಂಭವನೀಯತೆ ಎಷ್ಟು ಎಂಬ ಕೋಷ್ಟಕವನ್ನು ಕೊಟ್ಟು, ಅದರಂತೆ ಹಾಳೆಯ ಮೇಲೆ ಚುಕ್ಕೆಗಳನ್ನು ಇಡಿಸುತ್ತೇನೆ. ಪ್ರತಿ ಚುಕ್ಕೆಯೂ ಒಂದು ಸಲ ಅಳೆದಾಗ ಎಲೆಕ್ಟ್ರಾನ್ ಸಿಕ್ಕ ಜಾಗ. ಎಲೆಕ್ಟ್ರಾನ್ ಪುಡಿಯಾಗಿ ಹರಡಿಕೊಂಡಿದೆ ಎಂಬ ಭಾವನೆ ಇದರಿಂದ ಬಹಳಷ್ಟು ಕರಗುತ್ತದೆ. ದೂರಕ್ಕೆ ತಕ್ಕಂತೆ ಚುಕ್ಕೆಗಳನ್ನು ಎಣಿಸಿದರೆ ಅತಿ ಹೆಚ್ಚು ಸಿಗುವುದು 0.053 ನ್ಯಾನೋಮೀಟರಿನ ಬಳಿ, ಬೋರರ ಮೊದಲ ಕಕ್ಷೆಯ ತ್ರಿಜ್ಯದಲ್ಲೇ.

ಚಾಡ್ವಿಕ್ 1932ರಲ್ಲಿ ನ್ಯೂಟ್ರಾನ್ ಕಂಡುಹಿಡಿದದ್ದನ್ನು ನಾನು ಈ ಪಾಠಕ್ಕೆ ಸೇರಿಸುವುದಿಲ್ಲ. ಅದು ನ್ಯೂಕ್ಲಿಯಸ್ಸಿನ ಒಳಗಿನ ಕಥೆ, ಅದಕ್ಕೆ ತನ್ನದೇ ಆದ ಲೆಕ್ಕಗಳಿವೆ. ಸಮಯ ಸಾಲದಿದ್ದರೆ ಡೇವಿಸನ್ ಮತ್ತು ಜರ್ಮರ್ ಅವರ ಸಂಖ್ಯೆಗಳನ್ನು ಬಾಯಿಮಾತಿನಲ್ಲಿ ಹೇಳಿ ಮುಗಿಸಬಹುದು, ಸೂಜಿಗಳ ಪ್ರಯೋಗವನ್ನು ಮೊದಲೇ ಜೋಡಿಸಿಟ್ಟು ತೋರಿಸಬಹುದು. ಥಾಮ್ಸನ್ನರ ಗೋಳದಿಂದ 0.87 ಡಿಗ್ರಿಯವರೆಗೆ, ಅಲ್ಲಿಂದ 90 ಡಿಗ್ರಿಯವರೆಗಿನ ಲೆಕ್ಕವನ್ನು ಮಾತ್ರ ವಿದ್ಯಾರ್ಥಿಗಳೇ ಮಾಡಬೇಕು. ಅದಕ್ಕೆ ಬೇಕಾದದ್ದು ಕೂಲಂಬ್ ನಿಯಮ, ಸಂವೇಗ, ವರ್ಗಮೂಲ. ಇಷ್ಟೂ ಅವರಿಗೆ ಆಗಲೇ ಗೊತ್ತಿರುತ್ತದೆ.